ಸಾಸಿವೆ ಕಾಳಿನಷ್ಟು ಕುಳಿ

ಥೋರಾ ವಿಟ್ಲಾಕ್ ನಮ್ಮ ಫ್ಲಾಗ್‌ಸ್ಟಾಫ್‌ನಲ್ಲಿ ಮೊದಲು ಹೆಸರು ಮಾಡಿದ್ದು ಮೊಡವೆ ಅಳಿಸುವುದರಲ್ಲಿ. ರೈಲು ನಿಲ್ದಾಣದ ಎದುರಿಗೆ ಒಂದು ಫೋಟೋ ಸ್ಟುಡಿಯೋ ಇತ್ತು. ಅದರ ಹಿಂದಿನ ಕೋಣೆಯಲ್ಲಿ ಕೂತು ಅವಳು ಊರಿನವರ ಮುಖಗಳನ್ನು ರಿಪೇರಿ ಮಾಡುತ್ತಿದ್ದಳು. ಮದುವೆ ಹೆಣ್ಣಿನ ಗಲ್ಲದ ಮೊಡವೆ, ಬ್ಯಾಂಕಿನ ಮ್ಯಾನೇಜರನ ಮೂಗಿನ ಮೇಲಿನ ನರುಲಿ, ಸಾಮಿಲ್ಲಿನ ಮೇಸ್ತ್ರಿಯ ಮುಖದ ತುಂಬ ಇದ್ದ ಸಿಡುಬಿನ ಕಲೆ, ಎಲ್ಲವೂ ಅವಳ ಏರ್‌ಬ್ರಷ್‌ಗೆ ಹೆದರಿ ಮಾಯವಾಗುತ್ತಿದ್ದವು. ಪೆನ್ನಿನಂತೆ ಹಿಡಿದು ಬೆರಳಿನಿಂದ ಅದುಮಿದರೆ ಗಾಳಿಯ ಜೊತೆಗೆ ಬಣ್ಣವನ್ನು ಮಂಜಿನ ಹಾಗೆ ಉಗುಳುವ ಸಾಧನ ಅದು. ಆ ಕಾಲದ ಫೋಟೋಗಳನ್ನು ನೋಡಿ ನಮ್ಮೂರಿನವರು ಇಷ್ಟೊಂದು ಚೆಲುವರಾಗಿದ್ದರೇ ಎಂದು ಯಾರಾದರೂ ಬೆರಗಾದರೆ ಅದರ ಪುಣ್ಯವೆಲ್ಲ ಥೋರಾಳಿಗೆ ಸಲ್ಲಬೇಕು.

ಮನುಷ್ಯರನ್ನು ಚಂದ್ರನ ಮೇಲೆ ಇಳಿಸುತ್ತೇವೆಂದು ಸರ್ಕಾರ ಹೊರಟ ಮೇಲೆ, ಇಳಿಯುವವರಿಗೆ ನಕ್ಷೆ ಬೇಕಲ್ಲ, ಊರಿನ ಗುಡ್ಡದ ಮೇಲಿನ ದೂರದರ್ಶಕದ ಪಕ್ಕದಲ್ಲೇ ನಕ್ಷೆ ಬರೆಯುವವರು ಬಂದು ಕೂತರು. ಏರ್‌ಬ್ರಷ್ ಹಿಡಿದು ಪಳಗಿದ ಕೈ ಬೇಕಿತ್ತು ಅವರಿಗೆ. ಥೋರಾ ಅರ್ಜಿ ಹಾಕಿದಳು. ಮುಖ್ಯಸ್ಥ ಸ್ಟ್ರಾಂಡ್ ಎಂಬಾತ ಚಂದ್ರನ ಒಂದು ತುಂಡಿನ ಫೋಟೋ ಮುಂದಿಟ್ಟು, ಇದನ್ನು ಬರೆದು ತೋರಿಸಿ ಎಂದ. ಥೋರಾ ಮನಸ್ಸಿಟ್ಟು ಬರೆದಳು. ಆದರೆ ಇಷ್ಟು ವರ್ಷದ ಅಭ್ಯಾಸ ಎಲ್ಲಿ ಹೋಗುತ್ತದೆ? ಅಂಚಿನಲ್ಲಿದ್ದ ಎರಡು ಸಣ್ಣ ಕುಳಿಗಳನ್ನು ಅವಳ ಕೈ ತನಗೆ ತಾನೇ ಸವರಿ ನುಣ್ಣಗೆ ಮಾಡಿಬಿಟ್ಟಿತ್ತು.

ಸ್ಟ್ರಾಂಡ್ ಫೋಟೋ ನೋಡಿದ, ಚಿತ್ರ ನೋಡಿದ. "ಮಿಸೆಸ್ ವಿಟ್ಲಾಕ್, ಚಂದ್ರ ಏನೂ ಮದುವೆಗೆ ಹೊರಟಿಲ್ಲ," ಎಂದ. ಕೆಲಸ ಮಾತ್ರ ಕೊಟ್ಟ.

ಮನೆಗೆ ಬಂದು ಹೇಳಿದಾಗ ಗಂಡ ಓರ್ವಲ್ ಊಟದ ಮೇಜನ್ನೇ ಬಡಿದು ನಕ್ಕ. "ಅಲ್ಲ ಕಣೇ, ಇಷ್ಟು ದಿನ ಹಳ್ಳ ಮುಚ್ತಿದ್ದೆ, ಇನ್ಮೇಲೆ ಹಳ್ಳ ತೋಡ್ತೀಯಾ? ಒಳ್ಳೇ ಬಡ್ತಿ!"

ಓರ್ವಲ್ ಸಾಮಿಲ್ಲಿನಲ್ಲಿ ದಿಮ್ಮಿ ಸೀಳುವ ಗರಗಸದ ಹತ್ತಿರ ನಿಲ್ಲುತ್ತಿದ್ದವನು. ದಪ್ಪ ಮೈ, ಗಟ್ಟಿ ದನಿ, ಗರಗಸದ ಸದ್ದಿಗೆ ಅರ್ಧ ಕಿವುಡಾದ ಕಿವಿ. ಮಕ್ಕಳಿರಲಿಲ್ಲ. ಸಂಜೆ ಆರರ ಹೊತ್ತಿಗೆ ಮೈಯೆಲ್ಲ ಪೈನ್ ಮರದ ಹೊಟ್ಟು ಮೆತ್ತಿಕೊಂಡು ಬಂದರೆ ಅಡುಗೆ ಮನೆಯ ಕುರ್ಚಿಯಲ್ಲಿ ಕೂತು ಹೆಂಡತಿಯನ್ನು ಕೆಣಕುವುದೇ ಅವನ ದಿನದ ಸುಖ. ಈಗ ಕೆಣಕಲು ಚಂದ್ರನೇ ಸಿಕ್ಕಿಬಿಟ್ಟಿದ್ದ.

ಆಗಿನ್ನೂ ಚಂದ್ರನ ಕುಳಿಗಳು ಹೇಗಾದವು ಎನ್ನುವುದೇ ದೊಡ್ಡ ಜಗಳ. ಒಳಗಿನ ಬೆಂಕಿ ಉಕ್ಕಿ ಆದದ್ದು ಎಂದು ಕೆಲವರು, ಹೊರಗಿನ ಕಲ್ಲು ಬಡಿದು ಆದದ್ದು ಎಂದು ಹಲವರು. ಥೋರಾ ಕಲ್ಲಿನ ಪಕ್ಷ. ಹಾಗಾದಮೇಲೆ ಓರ್ವಲ್ ಬೆಂಕಿಯ ಪಕ್ಷ ಸೇರಲೇಬೇಕಲ್ಲ. ಒಲೆಯ ಮೇಲೆ ಬೀನ್ಸ್ ಕಾಳು ಕುದಿಯುತ್ತಿದ್ದರೆ ಅವಳನ್ನು ಕರೆದು ತೋರಿಸುತ್ತಿದ್ದ. "ನೋಡು, ಗುಳ್ಳೆ ಬಂತು, ಒಡೀತು, ಗುಂಡಿ ಬಿತ್ತು. ಇದಕ್ಕೆ ಯಾವೋನ್ ಬಂದು ಕಲ್ಲು ಹೊಡೆದ? ನಿಮ್ಮ ಸ್ಟ್ರಾಂಡ್‌ಗೆ ಒಂದು ತಟ್ಟೆ ಕಳಿಸ್ಲಾ?"

"ಬೀನ್ಸ್‌ಗೆ ಗುಂಡಿ ನಿಲ್ಲುತ್ತಾ? ಕಣ್ಣು ಮಿಟುಕಿಸೋದ್ರಲ್ಲಿ ಮುಚ್ಚಿಕೊಳ್ಳುತ್ತೆ."

"ಚಂದ್ರನ ಬೀನ್ಸ್ ಸ್ವಲ್ಪ ಗಟ್ಟಿ ಕಣೇ. ನೀನು ಮಾಡೋ ಬೀನ್ಸ್ ಥರ."

ಒಂದು ಭಾನುವಾರ ಅವನನ್ನು ಎಳೆದುಕೊಂಡು ಪೂರ್ವದ ಬಯಲಿನಲ್ಲಿರುವ ಆ ಮಹಾ ಹೊಂಡದ ಹತ್ತಿರ ಹೋದಳು. ಆಕಾಶದಿಂದ ಕಬ್ಬಿಣದ ಬಂಡೆ ಬಿದ್ದು ಆದ ಹೊಂಡ ಅದು. ನಮ್ಮ ಕಡೆಯವರಿಗೆಲ್ಲ ಗೊತ್ತು. ಅಂಚಿನಲ್ಲಿ ಕೂತು ಬ್ರೆಡ್ಡು, ಹಂದಿ ಮಾಂಸ ತಿಂದರು. ನೆಲದ ಪದರಗಳು ಪುಸ್ತಕದ ಹಾಳೆ ಮಗುಚಿದ ಹಾಗೆ ಹೊರಕ್ಕೆ ಮಗುಚಿಕೊಂಡಿದ್ದವು. ಮನೆಯಷ್ಟು ದೊಡ್ಡ ಸುಣ್ಣಕಲ್ಲುಗಳು ಒಳಗಿನಿಂದ ಹಾರಿ ಬಂದು ಅಂಚಿನ ಮೇಲೆ ಕೂತಿದ್ದವು. ಓರ್ವಲ್ ಎದ್ದು ಹೊಂಡದ ತಳವನ್ನು ಬಗ್ಗಿ ನೋಡಿದ. ಆಮೇಲೆ ಕೈಯ ಪುಡಿ ಒರೆಸಿಕೊಂಡು, "ಸರಿ ಬಿಡು, ಇದು ಬೀನ್ಸ್ ಅಲ್ಲ," ಎಂದ. ಕಾರು ಹತ್ತುವಾಗ, "ಆದ್ರೆ ಚಂದ್ರನ ವಿಷಯ ಬೇರೆ," ಎಂದು ಸೇರಿಸಿದ. ಸೋಲುವುದರಲ್ಲೂ ಒಂದು ಗತ್ತು ಅವನದು.

ಕಚೇರಿಯಲ್ಲಿ ಥೋರಾಳಿಗೆ ಚಂದ್ರನ ಪಾಠ ಹೇಳಿಕೊಟ್ಟವನು ಫೆರಿಸ್ ಯಾಂಟ್. ದೂರದರ್ಶಕದಲ್ಲಿ ಕಣ್ಣಿಟ್ಟು ನೋಡುವುದೇ ಅವನ ಉದ್ಯೋಗ. ಕಡ್ಡಿಯಂಥ ಆಳು, ಅವಳಿಗಿಂತ ಹತ್ತು ವರ್ಷ ಚಿಕ್ಕವನು. ಬರೆಯುವಾಗ ಹಳೆಯದನ್ನು ಮೊದಲು ಬರೆಯಬೇಕು, ಹೊಸದನ್ನು ಆಮೇಲೆ, ಎನ್ನುವುದು ಅವನ ಮೊದಲ ಪಾಠ. ಚಂದ್ರನಲ್ಲೂ ನಡೆದದ್ದು ಹಾಗೆಯೇ. ಒಂದು ಬಂಡೆ ಬಂದು ಬಡಿದರೆ ಅದರ ಎಷ್ಟೋ ಪಟ್ಟು ಅಗಲದ ಹೊಂಡ ಬೀಳುತ್ತದೆ. ತೀರಾ ಓರೆಯಾಗಿ ಉಜ್ಜಿಕೊಂಡು ಬಂದಿದ್ದರೆ ಮಾತ್ರ ಉದ್ದುದ್ದ, ಇಲ್ಲದಿದ್ದರೆ ಹೊಂಡ ದುಂಡಗೇ. ಚಿಮ್ಮಿದ ಕಲ್ಲುಮಣ್ಣು ಸುತ್ತ ಬಿದ್ದು ಅಂಚು ಎತ್ತರವಾಗುತ್ತದೆ. ಏಟು ದೊಡ್ಡದಾದರೆ ಗೋಡೆಗಳು ಮೆಟ್ಟಿಲು ಮೆಟ್ಟಿಲಾಗಿ ಜರಿಯುತ್ತವೆ, ನಟ್ಟನಡುವೆ ತಳವೇ ಮೇಲಕ್ಕೆ ಪುಟಿದು ಗುಡ್ಡವಾಗಿ ನಿಲ್ಲುತ್ತದೆ. ದೂರ ಹಾರಿದ ಕಲ್ಲುಗಳು ಬಿದ್ದಲ್ಲಿ ತಾವೂ ಸಾಲು ಸಾಲು ಗುಂಡಿ ತೋಡುತ್ತವೆ. ಎಲ್ಲಕ್ಕಿಂತ ದೊಡ್ಡ ಹೊಂಡಗಳಿಗೆ ಎಷ್ಟೋ ಕಾಲದ ಮೇಲೆ ಒಳಗಿನಿಂದ ಕರಗಿದ ಕಲ್ಲು ಉಕ್ಕಿ ತುಂಬಿಕೊಂಡಿತು. ನಾವು ಅಂಗಳದಲ್ಲಿ ನಿಂತು ನೋಡುವ ಕಪ್ಪು ಮಚ್ಚೆಗಳು ಅವೇ.

"ಇದೆಲ್ಲ ಮಾಸೋದೇ ಇಲ್ವಾ?" ಎಂದು ಕೇಳಿದ್ದಳು ಥೋರಾ.

"ಅಲ್ಲಿ ಗಾಳಿ ಎಲ್ಲಿದೆ, ನೀರೆಲ್ಲಿದೆ ಮಿಸೆಸ್ ವಿಟ್ಲಾಕ್? ಒಂದು ಏಟಿನ ಗುರುತು ಹೋಗ್ಬೇಕು ಅಂದ್ರೆ ಅದರ ಮೇಲೆ ಇನ್ನೊಂದು ಏಟು ಬೀಳ್ಬೇಕು. ಸಣ್ಣ ಸಣ್ಣ ಕಲ್ಲು ಬಡಿದೂ ಬಡಿದೂ ಅಂಚು ಸವೆಯುತ್ತೆ. ಅಷ್ಟೇ."

ಮುಖದ ಕಲೆ ಅಳಿಸಿ ಅಳಿಸಿ ಬೇಸತ್ತಿದ್ದವಳಿಗೆ ಈ ಮಾತು ಬಹಳ ಹಿಡಿಸಿತು. ಒಂದು ಕಲೆಯನ್ನೂ ಮುಚ್ಚಿಡದ ಮುಖ. ಅವಳು ಅದನ್ನು ಪ್ರೀತಿಸಿದಳು. ಬೂದುಬಣ್ಣ ಉಗುಳಿ ನೆರಳು ತರುವಳು, ಮೊನಚು ತುದಿಯ ಕರೆಂಟಿನ ರಬ್ಬರು ಆಡಿಸಿ ಬಿಸಿಲು ಬಿದ್ದ ಅಂಚನ್ನು ಬೆಳಗಿಸುವಳು. ಹಾಳೆಯ ಮೇಲೆ ಬೆರಳಾಡಿಸಿದರೆ ತಗ್ಗು ತಾಗಬೇಕು, ಹಾಗಿರುತ್ತಿತ್ತು.

ಈ ಕೆಲಸದಲ್ಲಿ ಒಂದೇ ಒಂದು ಭೂತ. ಕುಳಿ ಯಾವುದು, ದಿಬ್ಬ ಯಾವುದು ಎಂದು ಹೇಳುವುದು ನೆರಳು ಮಾತ್ರ. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎನ್ನುವುದು ಒಂದು ಕ್ಷಣ ಮರೆತರೂ ಮುಗಿಯಿತು, ಕುಳಿ ಉಬ್ಬಿ ದಿಬ್ಬವಾಗುತ್ತದೆ, ದಿಬ್ಬ ಕುಸಿದು ಕುಳಿಯಾಗುತ್ತದೆ. ಅದರ ಮೇಲೆ ದೂರದರ್ಶಕದಲ್ಲಿ ಚಂದ್ರ ತಲೆಕೆಳಗು. ಸಂಜೆಯ ಚಂದ್ರನಿಗೆ ಬಿಸಿಲು ಒಂದು ಕಡೆಯಿಂದ. ನಕ್ಷೆಯಲ್ಲಿ ಬರೆಯಬೇಕಾದದ್ದು ಇನ್ನೊಂದು ಕಡೆಯಿಂದ. ಎಲ್ಲವನ್ನೂ ಮನಸ್ಸಿನಲ್ಲೇ ತಿರುವಿ ತಿರುವಿ ನೋಡಬೇಕು. ಎಂಥ ಪಳಗಿದ ಕಣ್ಣೂ ಇಲ್ಲಿ ಎಡವುತ್ತದೆ. ಅದಕ್ಕೇ ಅವರಲ್ಲಿ ಒಂದು ಕಟ್ಟಲೆ: ಫೋಟೋದಲ್ಲಿ ಕಾಣದ ಸಣ್ಣ ಕುಳಿ ನಕ್ಷೆಗೆ ಬರಬೇಕಾದರೆ ಒಬ್ಬರೇ ಎರಡು ಸಲ ನೋಡಿರಬೇಕು, ಇಲ್ಲವೇ ಇಬ್ಬರು ನೋಡಿರಬೇಕು. ಬರೆಯುವವರೂ ಆಗಾಗ ಗುಡ್ಡಕ್ಕೆ ಹತ್ತಿ ಸ್ವಂತ ಕಣ್ಣಿನಿಂದ ನೋಡಿ ಬರುತ್ತಿದ್ದರು.

ಜೂನ್ ತಿಂಗಳ ಆ ಸಂಜೆ ಥೋರಾಳ ಸರದಿ. ಚಂದ್ರ ಅರ್ಧ ಬೆಳೆದು ನೆತ್ತಿಯ ಹತ್ತಿರ ನಿಂತಿದ್ದ. ಅವಳು ಬರೆಯುತ್ತಿದ್ದ ಚಂದ್ರನ ತುಂಡಿನಲ್ಲೇ ಆಗ ಬೆಳಗಾಗುತ್ತಿತ್ತು. ನೆರಳುಗಳು ಉದ್ದವಾಗಿ, ಗೀರಿದ ಹಾಗೆ ಸ್ಪಷ್ಟವಾಗಿ ಬೀಳುವ ಹೊತ್ತು. ತಪ್ಪಿದರೆ ಆ ಬೆಳಕು ಮತ್ತೆ ಮುಂದಿನ ತಿಂಗಳು. ಮುಂದಿನ ತಿಂಗಳೆಂದರೆ ನಮ್ಮ ಕಡೆ ಮಧ್ಯಾಹ್ನವಾದರೆ ಸಾಕು, ಗುಡುಗು, ಮೋಡ.

ಓರ್ವಲ್‌ಗೆ ಬೆಳಗಿನಿಂದ ಎದೆ ಉರಿ. ಕೆಲಸಕ್ಕೆ ಹೋಗಿ, ಮಧ್ಯಾಹ್ನವೇ ಬಂದಿದ್ದ. "ನಿನ್ನ ಬೀನ್ಸೇ ಕಾರಣ," ಎಂದ.

"ನಾನು ಇವತ್ತು ಹೋಗಲ್ಲ ಬಿಡು."

"ಹೋಗೇ ಮಾರಾಯ್ತಿ. ಚಂದ್ರ ಏನು ನನಗೋಸ್ಕರ ಕಾಯ್ತಾನಾ? ಎಷ್ಟೊತ್ತಿಗೆ ಬರ್ತೀಯ?"

"ಹೊತ್ತು ಮುಳುಗ್ತಿದ್ದ ಹಾಗೇ ಬಂದುಬಿಡ್ತೀನಿ."

ಹೊತ್ತು ಮುಳುಗಿತು. ಗಾಳಿ ನಿಂತಿರಲಿಲ್ಲ, ಚಂದ್ರ ಹರಿಯುವ ನೀರಿನ ತಳದ ಕಲ್ಲಿನ ಹಾಗೆ ನಡುಗುತ್ತಿದ್ದ. ಥೋರಾ ಕೋಟು ಕೈಗೆತ್ತಿಕೊಂಡಳು. ಇನ್ನೊಂದು ಸಲ ನೋಡಿ ಹೋಗೋಣ ಎಂದು ಕಣ್ಣಿಟ್ಟಳು. ಆಗ ಒಮ್ಮೆಲೇ ಗಾಳಿ ನಿಂತಿತು. ಒಂದು ಸವೆದ ಹಳೆಯ ಕುಳಿಯ ಗೋಡೆಯ ಮೇಲೆ, ಯಾರೂ ಯಾವ ನಕ್ಷೆಯಲ್ಲೂ ತೋರಿಸದ ಪುಟ್ಟ ಕುಳಿಯೊಂದು ಸೂಜಿಯಿಂದ ಚುಚ್ಚಿದ ಹಾಗೆ ಕಾಣಿಸಿತು. ಕಂಡಿತು, ಹೋಯಿತು. ಮತ್ತೆ ಕಾಣಬಹುದೆಂದು ಅವಳು ಕೂತಳು. ಬಾನು ಕೆಂಪಾಗಿ, ನೀಲಿಯಾಗಿ, ಊರಿನ ದೀಪಗಳು ಹತ್ತಿಕೊಂಡವು. ಮತ್ತೆ ಕಾಣಲಿಲ್ಲ. ಕತ್ತಲಾದ ಮೇಲೆ ಗುಡ್ಡ ಇಳಿದು ಮನೆಗೆ ಬಂದರೆ ಓರ್ವಲ್ ಅಡುಗೆ ಮನೆಯ ಕುರ್ಚಿಯಲ್ಲಿ ಸತ್ತು ಕೂತಿದ್ದ. ಕೈ ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ. ಎದುರು ಮನೆಯ ಎಲ್ಡಾಳನ್ನು ಕೂಗಿದಳು, ಡಾಕ್ಟರು ಬಂದರು. ಥೋರಾ ಬರುವುದಕ್ಕೆ ಹೆಚ್ಚೆಂದರೆ ಅರ್ಧ ಗಂಟೆ ಮುಂಚೆ ಆಗಿರಬೇಕು ಎಂದರು ಡಾಕ್ಟರು. ಅವರಿಗೇನು, ಕೇಳಿದ್ದಕ್ಕೆ ಹೇಳಿದರು. ಆ ಅರ್ಧ ಗಂಟೆಯನ್ನು ಥೋರಾ ಏನು ಮಾಡಬೇಕಿತ್ತು ಎಂದು ಹೇಳುವವರು ಯಾರೂ ಇರಲಿಲ್ಲ.

ಎಲ್ಡಾ ಓರ್ವಲ್‌ನ ತಂಗಿ. ಗಂಡ ಬಿಟ್ಟು ಹೋದವಳು, ಹೋಟೆಲೊಂದರ ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿ ಬದುಕಿದವಳು, ಅಣ್ಣನೆಂದರೆ ಪ್ರಾಣ. ಮಣ್ಣು ಮಾಡಿ ಬಂದ ದಿನ ನೆರೆಯವರು ತಂದ ಊಟದ ಪಾತ್ರೆಗಳು ಮೇಜಿನ ತುಂಬ ಸಾಲಾಗಿ ಕೂತಿದ್ದವು. ಯಾರೂ ಮುಟ್ಟಿರಲಿಲ್ಲ. ಬಂದವರೆಲ್ಲ ಹೋದ ಮೇಲೆ ಎಲ್ಡಾ ಕೇಳಿದಳು.

"ಹೊತ್ತು ಮುಳುಗ್ತಿದ್ದ ಹಾಗೇ ಬರ್ತೀನಿ ಅಂದಿದ್ದೆಯಂತೆ. ಅವನೇ ನನ್ನ ಹತ್ರ ಹೇಳ್ದ, ಬೇಲಿ ಹತ್ರ ನಿಂತು. ಬಿಟ್ಟು ಬರಕ್ಕಾಗದೇ ಇರೋ ಅಂಥದ್ದು ಏನ್ ನೋಡ್ತಾ ಇದ್ದೆ ಅಲ್ಲಿ?"

"ಒಂದು ಕುಳಿ," ಎಂದಳು ಥೋರಾ. "ಯಾರೂ ನೋಡಿರ್ಲಿಲ್ಲ ಎಲ್ಡಾ. ಹೊಸದು."

ಎಲ್ಡಾ ಅವಳನ್ನೇ ನೋಡಿದಳು. "ನಕ್ಷೆ ಅಚ್ಚಾದಾಗ ತೋರ್ಸು," ಎಂದು ಎದ್ದು ಹೋದಳು.

ಆ ಕುಳಿ ಅವತ್ತಿನಿಂದ ಥೋರಾಳಿಗೆ ನಾವು ನೀವು ತಿಳಿಯುವಂಥ ಕುಳಿಯಾಗಿ ಉಳಿಯಲಿಲ್ಲ. ಅದು ಇದ್ದರೆ ಆ ಸಂಜೆ ಗುಡ್ಡದ ಮೇಲೆ ಕೂತದ್ದಕ್ಕೆ ಒಂದು ಅರ್ಥ ಇತ್ತು. ಚಂದ್ರನ ಮೇಲೆ ಕಾಲಿಡುವವರ ನಕ್ಷೆಯಲ್ಲಿ ಒಂದು ಸತ್ಯ ಸೇರಿತು, ಅದಕ್ಕಾಗಿ ಅವಳಿಗೆ ತಡವಾಯಿತು, ಅಷ್ಟೇ. ಇಲ್ಲದಿದ್ದರೆ? ಇಲ್ಲದಿದ್ದರೆ ಎನ್ನುವುದನ್ನು ಅವಳು ಯೋಚಿಸಲೇ ಇಲ್ಲ. ಕೆಲಸಕ್ಕೆ ಮರಳಿದ ಮೊದಲ ದಿನವೇ ಬರೆಯುವ ಹಲಗೆಯ ಮುಂದೆ ಕೂತು ಆ ಹಳೆಯ ಗೋಡೆಯ ಮೇಲೆ ಸಾಸಿವೆ ಕಾಳಿನಷ್ಟು ನೆರಳು ಉಗುಳಿದಳು, ಅಂಚು ಬೆಳಗಿಸಿದಳು. ಅವಳು ತನ್ನ ಜನ್ಮದಲ್ಲೇ ಅಷ್ಟು ಚೆಂದದ ಕುಳಿ ಬರೆದಿರಲಿಲ್ಲ.

ಸ್ಟ್ರಾಂಡ್ ಹಾಳೆ ತಪಾಸಣೆಗೆ ಬಂದಾಗ ಅದರ ಮೇಲೆ ಬೆರಳಿಟ್ಟ. "ಇದು ಫೋಟೋದಲ್ಲಿಲ್ಲ. ಎರಡನೇ ಸಲ ನೋಡಿದ್ರಾ?"

ಥೋರಾ ಇಲ್ಲ ಎನ್ನುವುದಕ್ಕೆ ಮುಂಚೆ ಪಕ್ಕದ ಹಲಗೆಯಿಂದ ಫೆರಿಸ್ ತಲೆಯೆತ್ತದೆಯೇ ಹೇಳಿದ. "ನಾನು ನೋಡಿದ್ದೀನಿ ಸರ್. ಮೇ ತಿಂಗಳಲ್ಲಿ. ಅದು ಇದೆ."

ಇಬ್ಬರು ನೋಡಿದ್ದಾಯಿತು. ಕಟ್ಟಲೆ ತೀರಿತು. ಥೋರಾ ಅವತ್ತು ಫೆರಿಸ್‌ನ ಕೈ ಹಿಡಿದುಕೊಂಡು ನಿಂತಳು. ಅವನು ಬೇರೆ ಕಡೆ ನೋಡಿದ. ನಾಚಿಕೆ ಎಂದುಕೊಂಡಳು ಅವಳು.

ಹಾಳೆ ಅಚ್ಚಾಯಿತು. ಒಂದು ಪ್ರತಿ ತೆಗೆದುಕೊಂಡು ರಸ್ತೆ ದಾಟಿ ಎಲ್ಡಾಳ ಮನೆಗೆ ಹೋದಳು. "ಇದು," ಎಂದು ತೋರಿಸಿದಳು. ಎಲ್ಡಾ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು, ಮಡಿಸಿ ಮೇಜಿನ ಡ್ರಾಯರಿಗೆ ಹಾಕಿದಳು. ಅಷ್ಟೇ. ಎರಡು ವರ್ಷ ಆ ನಾದಿನಿ ಅತ್ತಿಗೆಯರ ನಡುವೆ ಬಂದು ಹೋಗುವುದು, ಹಬ್ಬಕ್ಕೆ ಹಣ್ಣಿನ ಪೈ ಮಾಡಿ ಕೊಡುವುದು ಎಲ್ಲ ಇತ್ತು. ಥೋರಾ ಹೋದಾಗಲೆಲ್ಲ ಚಂದ್ರನ ಮಾತೇ ಆಡುವಳು. ಆ ಕುಳಿಯ ಅಂಚು ಎಷ್ಟು ಹರಿತ, ಹಳೆಯ ಗೋಡೆಯ ಮೇಲೆ ಬಿದ್ದದ್ದರಿಂದ ಅದು ಎಷ್ಟು ಹೊಸದು, ಅದಕ್ಕೆ ಹೆಸರಿಡುವರೋ ಏನೋ. ಎಲ್ಡಾ ಬಟ್ಟೆ ಮಡಿಸುತ್ತ ಹೂಂಗುಡುವಳು. ಕಂಡವರಿಗೆ ಇಬ್ಬರೂ ಚೆನ್ನಾಗಿದ್ದಾರೆ ಅನಿಸುತ್ತಿತ್ತು. ನನಗೇ ಹಾಗನಿಸಿತ್ತು.

ಆಮೇಲೆ ಚಂದ್ರನನ್ನು ಸುತ್ತುವ ನೌಕೆಗಳು ಹೋದವು. ಇಲ್ಲಿಂದ ಕಣ್ಣು ಕಿರಿದು ಮಾಡಿ ನೋಡಿದ್ದನ್ನೆಲ್ಲ ಅವು ಅಲ್ಲೇ ಮೇಲಿನಿಂದ ನೋಡಿ ಫೋಟೋ ಕಳಿಸತೊಡಗಿದವು. ಹಳೆಯ ನಕ್ಷೆಗಳನ್ನು ತಿದ್ದುವ ಕೆಲಸ ಶುರುವಾಯಿತು. ಥೋರಾಳ ಹಾಳೆಯ ಫೋಟೋ ಮೊದಲು ಬಂದದ್ದು ಮಬ್ಬು ಮಬ್ಬಾಗಿ, ನೆತ್ತಿಯ ಬಿಸಿಲಿನಲ್ಲಿ ತೆಗೆದದ್ದು. ಆ ಜಾಗದಲ್ಲಿ ಏನೂ ಇರಲಿಲ್ಲ.

"ನೆತ್ತಿ ಬಿಸಿಲಲ್ಲಿ ನೆರಳು ಎಲ್ಲಿಂದ ಬರುತ್ತೆ?" ಎಂದ ಫೆರಿಸ್, ಅವಳು ಕೇಳುವುದಕ್ಕೆ ಮುಂಚೆಯೇ. "ಸಣ್ಣ ಗುಂಡಿಗಳೆಲ್ಲ ಕಾಣೆಯಾಗ್ತವೆ. ಬೆಳಗಿನ ಬಿಸಿಲಿನ ಫೋಟೋ ಬರ್ಲಿ."

ಅದು ನಿಜವೇ. ಆದರೆ ಅವನ ದನಿ ಸರಿಯಿರಲಿಲ್ಲ. ಥೋರಾ ಮನೆಗೆ ಹೋಗಿ ಊಟ ಮಾಡದೆ ಮಲಗಿದಳು.

ಬೆಳಗಿನ ಬಿಸಿಲಿನ ಫೋಟೋ ಚಳಿಗಾಲ ಕಳೆಯುವಾಗ ಬಂತು. ಅವಳೇ ಕಟ್ಟು ಬಿಚ್ಚಿದಳು. ಹಳೆಯ ಕುಳಿ ಕಂಡಿತು, ಅದರ ಸವೆದ ಗೋಡೆ ಕಂಡಿತು. ಗೋಡೆಯ ಮೇಲೆ, ಅವಳು ಬರೆದ ಜಾಗದಲ್ಲೇ, ಒಂದು ದುಂಡನೆಯ ದಿಬ್ಬ. ಬೆಳಕು ಬರುತ್ತಿದ್ದ ಕಡೆಗೆ ಅದರ ಬೆನ್ನು ಹೊಳೆಯುತ್ತಿತ್ತು, ನೆರಳು ಆಚೆ ಬಿದ್ದಿತ್ತು. ಕುಳಿಯಾಗಿದ್ದರೆ ತದ್ವಿರುದ್ಧವಾಗಿರಬೇಕಿತ್ತು. ಆ ಸಂಜೆ ಅವಸರದ ಕಣ್ಣು ತಿರುವಿ ನೋಡುವುದನ್ನು ಮರೆತಿತ್ತು. ಮನಸ್ಸು ಅರ್ಧ ಮನೆಯಲ್ಲಿತ್ತು, ಅರ್ಧ ಚಂದ್ರನಲ್ಲಿತ್ತು. ಎರಡೂ ಕಡೆ ಪೂರ್ತಿ ಇರಲಿಲ್ಲ.

ಅವಳು ಫೋಟೋವನ್ನು ತಲೆಕೆಳಗು ಮಾಡಿದಳು. ದಿಬ್ಬ ಕುಸಿದು ಅವಳ ಕುಳಿಯಾಯಿತು, ಸೂಜಿಯಿಂದ ಚುಚ್ಚಿದ ಹಾಗೆ. ನೆಟ್ಟಗೆ ಮಾಡಿದಳು. ದಿಬ್ಬ.

"ಫೆರಿಸ್," ಎಂದಳು, "ನೀನು ಮೇ ತಿಂಗಳಲ್ಲಿ ಏನ್ ನೋಡಿದ್ದೆ?"

ಫೆರಿಸ್ ಕೈಯಲ್ಲಿದ್ದ ಪೆನ್ಸಿಲ್ ಕೆಳಗಿಟ್ಟ. "ಏನೂ ನೋಡಿರ್ಲಿಲ್ಲ ಮಿಸೆಸ್ ವಿಟ್ಲಾಕ್. ಮೇ ತಿಂಗಳಲ್ಲಿ ನಾನು ದೂರದರ್ಶಕಾನ ಆ ಕಡೆ ತಿರುಗಿಸಿಯೇ ಇರ್ಲಿಲ್ಲ." ಅವನ ಕಿವಿ ಕೆಂಪಾಗಿತ್ತು. "ನೀವು ಅವತ್ತು ಇದ್ದ ಸ್ಥಿತೀಲಿ ಇಲ್ಲ ಅನ್ನೋಕೆ ನನಗೆ ಬಾಯಿ ಬರ್ಲಿಲ್ಲ. ಒಂದು ಸಣ್ಣ ಗುಂಡಿ, ಯಾರಿಗೇನ್ ನಷ್ಟ ಅಂದ್ಕೊಂಡೆ."

"ನೀನು ಒಳ್ಳೇದಕ್ಕೇ ಮಾಡ್ದೆ, ಗೊತ್ತು. ಆದ್ರೆ ಅವತ್ತೇ ಇಲ್ಲ ಅಂದಿದ್ರೆ ಅವತ್ತೇ ಅತ್ತು ಬಿಡ್ತಿದ್ದೆ ಫೆರಿಸ್. ಎರಡು ವರ್ಷದಿಂದ ನಾನು ಅತ್ತೇ ಇಲ್ಲ."

ಸ್ಟ್ರಾಂಡ್ ಬಯ್ಯಲಿಲ್ಲ. ಇಂಥ ತಪ್ಪುಗಳು ಆಗಲೇ ಬೇಕಾದಷ್ಟು ಸಿಕ್ಕಿದ್ದವು. ಅವನದೇ ಒಂದು ಬೆಟ್ಟ ಸಾಲು ಕಣಿವೆಯಾಗಿ ಹೋಗಿತ್ತು. "ಬೇರೆಯವರ ಕೈಲಿ ತಿದ್ದಿಸ್ತೀನಿ ಬಿಡಿ," ಎಂದ. ಥೋರಾ ಒಪ್ಪಲಿಲ್ಲ. ಮೂಲ ಹಾಳೆ ತರಿಸಿ ಹಲಗೆಯ ಮೇಲೆ ಹಾಸಿಕೊಂಡಳು. ಕರೆಂಟಿನ ರಬ್ಬರು ಗುಂಯ್ ಎಂದಿತು. ಮೊಡವೆ ಅಳಿಸಿದ ಕೈ, ಅವಳಿಗೇನು ಕಷ್ಟ? ಒಂದು ನಿಮಿಷವೂ ಹಿಡಿಯಲಿಲ್ಲ. ಪುಡಿ ಊದಿ, ಅಲ್ಲಿ ದಿಬ್ಬ ಬರೆದು, ಕೋಟು ಹಾಕಿಕೊಂಡು, ಹೇಳದೆ ಕೇಳದೆ ಕಚೇರಿಯಿಂದ ಹೊರಟಳು.

ಬೀದಿಯ ಬದಿಯಲ್ಲಿ ಕೊಳಕು ಹಿಮ ಇನ್ನೂ ಕರಗಿರಲಿಲ್ಲ. ಮೂರು ಗಂಟೆಯ ಬಿಸಿಲು. ಎಲ್ಡಾ ಅಡುಗೆ ಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ಬಂದವಳನ್ನು ನೋಡಿ ಕುರ್ಚಿ ಎಳೆದಳು. ಥೋರಾ ಕೂರಲಿಲ್ಲ.

"ಅಲ್ಲಿ ಕುಳಿ ಇರ್ಲಿಲ್ಲ ಎಲ್ಡಾ. ಅದು ದಿಬ್ಬ. ನಾನು ತಲೆಕೆಳಗಾಗಿ ನೋಡಿದ್ದೆ. ಈಗ ಅಳಿಸಿ ಬಂದೆ."

ಎಲ್ಡಾಳ ಚಾಕು ನಿಲ್ಲಲಿಲ್ಲ. "ಇದ್ದಿದ್ರೆ?"

"ಏನು?"

"ಕುಳಿ ಇದ್ದಿದ್ರೆ ನಾನೇನ್ ಅನ್ಬೇಕಾಗಿತ್ತು? ಆಹಾ, ಒಳ್ಳೇ ಕುಳಿ, ಅಣ್ಣ ಸತ್ತಿದ್ದು ಸಾರ್ಥಕ ಆಯ್ತು ಅಂತಾನಾ?" ಆಲೂಗಡ್ಡೆಯನ್ನು ನೀರಿಗೆ ಎಸೆದಳು. "ಅವತ್ತು ಕೇಳಿದ್ದು ಕೋಪಕ್ಕೆ ಕಣೇ. ಹೊಟ್ಟೆ ಉರಿದು ಕೇಳ್ದೆ. ಉತ್ತರ ಯಾರಿಗೆ ಬೇಕಿತ್ತು? ನೀನು ಆ ಉತ್ತರ ಹಿಡ್ಕೊಂಡೇ ಕೂತುಬಿಟ್ಟೆ. ಎರಡು ವರ್ಷದಿಂದ ಇದೇ ಕುರ್ಚೀಲಿ ಕೂತು ಆ ಹಾಳು ಗುಂಡಿ ಪುರಾಣ ಹೇಳ್ತೀಯ. ಅವನ ಮಾತು ಒಂದು ದಿನ ಎತ್ತಿದ್ದೀಯಾ? ನನಗೂ ಅವನ ಬಗ್ಗೆ ಮಾತಾಡೋಕೆ ಈ ಊರಲ್ಲಿ ಇನ್ಯಾರಿದ್ದಾರೆ?"

ಥೋರಾ ಕೂತಳು. ಕಣ್ಣೀರು ಬಂತು, ತಡೆಯಲಿಲ್ಲ. ಓರ್ವಲ್ ಸತ್ತದ್ದಕ್ಕೆ ಅವಳು ಮೊದಲ ಸಲ ಅತ್ತದ್ದು ಆಗ, ನಾದಿನಿಯ ಅಡುಗೆ ಮನೆಯಲ್ಲಿ, ಕೋಟನ್ನೂ ಬಿಚ್ಚದೆ. ಎಲ್ಡಾ ಸಮಾಧಾನ ಮಾಡಲಿಲ್ಲ. ಒದ್ದೆ ಕೈಯಲ್ಲೇ ಎದುರಿಗೆ ಕೂತು ತಾನೂ ಅತ್ತಳು.

ಕಣ್ಣೊರೆಸಿಕೊಂಡು ಥೋರಾ ಹೇಳಿದಳು. "ನಿನಗೆ ಹೇಳದೇ ಇರೋದು ಒಂದಿದೆ. ಅವನ ಒಂದು ಕಾಲಲ್ಲಿ ಬೂಟ್ ಇತ್ತು. ಇನ್ನೊಂದು ಬೂಟ್ ಕುರ್ಚಿ ಪಕ್ಕ. ನಿನ್ನ ಕೂಗೋಕೆ ಮುಂಚೆ ನಾನೇ ಆ ಬೂಟ್ ಬಿಚ್ಚಿ ಎರಡನ್ನೂ ಬಾಗಿಲ ಹತ್ರ ಜೋಡಿಸಿ ಇಟ್ಟೆ. ಯಾಕೆ ಇಟ್ಟೆನೋ ಗೊತ್ತಿಲ್ಲ."

ಎಲ್ಡಾ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಬಿಚ್ತಾ ಇದ್ದಿದ್ರೆ ಮಲಗೋಣ ಅಂತ ಇದ್ದ, ಹಾಗೇ ಹೋದ, ಅವನಿಗೆ ಏನೂ ಗೊತ್ತಾಗ್ಲಿಲ್ಲ ಅನ್ಬಹುದು. ಹಾಕ್ಕೊಳ್ತಾ ಇದ್ದಿದ್ರೆ..." ಥೋರಾ ಬೆರಳಿನಿಂದ ಮೇಜು ಕೆರೆದಳು. "ಹಾಕ್ಕೊಳ್ತಾ ಇದ್ದಿದ್ರೆ ನೋವು ಜಾಸ್ತಿಯಾಗಿ ನನ್ನ ಹುಡುಕ್ಕೊಂಡು ಹೊರಟಿದ್ದ. ಇಲ್ಲ ನಿನ್ನ ಹತ್ರ ಬರೋಕೆ ಹೊರಟಿದ್ದ."

"ಯಾವ ಕಾಲಲ್ಲಿತ್ತು?"

"ಬಲಗಾಲಲ್ಲಿ."

ಎಲ್ಡಾ ಕಣ್ಣು ಮುಚ್ಚಿಕೊಂಡಳು. ಅಣ್ಣನ ಜೊತೆ ಬೆಳೆದ ಮನೆಯ ಮೆಟ್ಟಿಲು, ಸ್ಕೂಲಿಗೆ ಹೊತ್ತಾಯಿತೆಂದು ಅವನು ಕೂತು ಬೂಟು ಎಳೆದುಕೊಳ್ಳುತ್ತಿದ್ದದ್ದು, ಎಲ್ಲವನ್ನೂ ಹುಡುಕಿರಬೇಕು. ಬಾಯಿ ತೆರೆದಳು. ಥೋರಾ ಥಟ್ಟನೆ ಅವಳ ಮುಂಗೈ ಹಿಡಿದಳು.

"ನನ್ನ ಸಮಾಧಾನಕ್ಕೆ ಅಂತ ಹೇಳ್ಬೇಡ. ಗೊತ್ತಿದ್ರೆ ಮಾತ್ರ ಹೇಳು."

ಎಲ್ಡಾ ಬಾಯಿ ಮುಚ್ಚಿದಳು. ಹೊರಗೆ ಸಾಮಿಲ್ಲಿನ ಗರಗಸದ ಸದ್ದು ಕ್ಷೀಣವಾಗಿ ಕೇಳುತ್ತಿತ್ತು.

"ಗೊತ್ತಿಲ್ಲ," ಎಂದಳು ಕೊನೆಗೆ. "ಒಂದೇ ಮನೇಲಿ ಬೆಳೆದೆ. ಯಾವ ಬೂಟು ಮೊದಲು ಹಾಕ್ತಿದ್ದ, ಯಾವುದು ಮೊದಲು ಬಿಚ್ತಿದ್ದ, ಒಂದು ದಿನಾನೂ ಕಣ್ಣಿಟ್ಟು ನೋಡ್ಲಿಲ್ಲ ಥೋರಾ."

ಥೋರಾ ಅವಳ ಕೈ ಬಿಟ್ಟಳು.

"ನಾನೂ ನೋಡ್ಲಿಲ್ಲ," ಎಂದಳು.